ಮಾತಾಡದೆ ಕೂತ ಅತಿಥಿ

ಗುಲೈಲ್
೮ ಜನವರಿ ೨೦೧೧

ಮಗಳು ರಯ್ಯಾಳಿಗೆ ದೊಡ್ಡಪ್ಪ ಖಲ್ಫಾನ್ ಮಾಡುವ ಸಲಾಮು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನಮ್ಮನ ಮೊಣಕಾಲು ಬೆಳಿಗ್ಗೆ ಮಾತ್ರ ನೋಯುತ್ತದಂತೆ, ಮಧ್ಯಾಹ್ನ ಯಾರಾದರೂ ಮಾತಿಗೆ ಸಿಕ್ಕರೆ ವಾಸಿಯಾಗುತ್ತದಂತೆ. ನೀನು ಹಯ್ಲ್ ಶಾಲೆಗೆ ಟೀಚರಾಗಿ ಬೆಟ್ಟ ಹತ್ತಿದ ಮೇಲೆ ಈ ಮನೆಯಲ್ಲಿ ನನ್ನೊಡನೆ ವಾದ ಮಾಡುವವರೇ ಇಲ್ಲ. ನಿನ್ನ ತಮ್ಮ ಮುಹನ್ನಾ ಎಲ್ಲದಕ್ಕೂ ನಗುತ್ತಾನೆ. ನಗುವವನ ಜೊತೆ ವಾದ ಹೇಗೆ ಮಾಡುವುದು?

ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಶನಿವಾರ ಬಂತೆಂದರೆ ಅವನ ಪಿಕಪ್ಪು ಅಕ್ಕಿ, ಹಿಟ್ಟು, ಗ್ಯಾಸು ತುಂಬಿಕೊಂಡು ನಮ್ಮೂರಿನ ಕಡವಿನಲ್ಲಿ ಹಳ್ಳಕ್ಕಿಳಿದು, ಅದರ ಪಾತ್ರದೊಳಗೇ ಹತ್ತಿ ನಿಮ್ಮಲ್ಲಿಗೆ ಬರಬೇಕು. ಬೇರೆ ದಾರಿ ಇಲ್ಲ. ನನ್ನ ನಿದ್ದೆ ಕೆಡಿಸಿರುವುದೂ ಇದೇ. ಹಯ್ಲ್‌ನಲ್ಲಿ ಮಳೆ ಸುರಿಯುವಾಗ ಗುಲೈಲ್‌ನಲ್ಲಿ ಬಿಸಿಲು. ನಾವು ಬಿಸಿಲು ನೋಡಿ ಹಳ್ಳಕ್ಕಿಳಿಯುತ್ತೇವೆ, ನೀರು ಗೋಡೆಯ ಹಾಗೆ ಎದ್ದು ಬರುತ್ತದೆ. ನಿಮ್ಮಲ್ಲಿ ಮೊಬೈಲ್ ಹತ್ತುವುದಿಲ್ಲ. ಶಾಲೆಗೆ ಡಿಶ್ ಇದೆ, ಇಂಟರ್ನೆಟ್ ಇದೆ, ಮೇಲ್ ಕಳಿಸಬಹುದು. ಆದರೆ ನಾನು ಮೇಲ್ ತೆರೆದು ನೋಡುವವರೆಗೆ ನೀರು ಕಾಯುವುದಿಲ್ಲವಲ್ಲ.

ಅದಕ್ಕೆ ಒಂದು ಹುಚ್ಚು ಹಚ್ಚಿಕೊಂಡಿದ್ದೇನೆ. ಶಾಲೆಯ ಕೆಳಗೆ ಹಳ್ಳದಲ್ಲಿ ಅಳತೆಯ ಬಣ್ಣ ಬಳಿದ ಕಂಬ ಇದೆಯಲ್ಲ, ನೀರು ಬಂದಾಗ ಅದು ಎಷ್ಟು ಮುಳುಗಿದೆ ಎಂದು ನೋಡಿ ನಿನ್ನ ಕಂಪ್ಯೂಟರಿನಲ್ಲಿ ಒತ್ತು. ಇಲ್ಲಿ ನನ್ನ ಕಂಪ್ಯೂಟರು ಅದನ್ನು ಓದಿ, ನೀರು ಜಾಸ್ತಿಯಿದ್ದರೆ ಮಸೀದಿಯ ಮೇಲಿನ ಸೈರನ್ ಕೂಗಿಸಬೇಕು.

ಎರಡು ಕಂಪ್ಯೂಟರು ಮಾತಾಡಬೇಕಾದರೆ ಎರಡೂ ಕಡೆ ಒಂದೊಂದು ಸಾಕೆಟ್ ಬೇಕು. ಮಾತು ಹೊರಡುವ, ಮಾತು ಬಂದು ಸೇರುವ ಬಾಯಿ ಎಂದಿಟ್ಟುಕೋ. ನಾನು ಸರ್ವರ್, ಮನೆಯ ಯಜಮಾನ. ನೀನು ಕ್ಲೈಂಟ್, ಅತಿಥಿ. ಯಜಮಾನ ಮೊದಲು ಒಂದು ಸಾಕೆಟ್ ಮಾಡಿ ಅದನ್ನು ತನ್ನ ವಿಳಾಸಕ್ಕೆ ಕಟ್ಟುತ್ತಾನೆ. ಕಂಪ್ಯೂಟರಿನ ವಿಳಾಸ ಮನೆಯದು. ಒಂದು ಮನೆಗೆ ಬಾಗಿಲು ಹಲವು, ಪ್ರತಿ ಬಾಗಿಲಿಗೂ ಒಂದು ಸಂಖ್ಯೆ, ಅದಕ್ಕೆ ಪೋರ್ಟ್ ಎನ್ನುತ್ತಾರೆ. ಬಾಗಿಲು ಗೊತ್ತು ಮಾಡಿಕೊಂಡು ಅವನು ಕಿವಿಗೊಟ್ಟು ಕೂರುತ್ತಾನೆ. ಅತಿಥಿಗೆ ಇಷ್ಟೆಲ್ಲ ಬೇಡ, ಮನೆಯೂ ಬಾಗಿಲೂ ಗೊತ್ತಿದ್ದರೆ ಬಂದು ತಟ್ಟಿದರಾಯಿತು. ತಟ್ಟಿದಾಗ ಯಜಮಾನ ಒಳಗೆ ಕರೆದು ಕೂರಿಸುತ್ತಾನೆ. ಇಲ್ಲೊಂದು ಚಂದವಿದೆ ನೋಡು: ಬಾಗಿಲಿನ ಸಾಕೆಟ್ ಬಾಗಿಲಲ್ಲೇ ಇರುತ್ತದೆ, ಅತಿಥಿಯ ಮಾತಿಗೆಂದು ಬೇರೆಯೇ ಒಂದು ಸಾಕೆಟ್ ಹುಟ್ಟುತ್ತದೆ. ಬಂದವರಿಗೆಲ್ಲ ಹೊಸ ಚಾಪೆ.

ನಿನ್ನ ಕಡೆಯ ಪ್ರೋಗ್ರಾಂ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಸಣ್ಣದು. ನೋಡಿ ಟೈಪ್ ಮಾಡು, ಚುಕ್ಕೆ ಬಿಡಬೇಡ.

ನಿನ್ನ ದೊಡ್ಡಪ್ಪ
ಖಲ್ಫಾನ್


ಹಯ್ಲ್
೯ ಜನವರಿ ೨೦೧೧

ದೊಡ್ಡಪ್ಪನವರಿಗೆ ರಯ್ಯಾಳ ಸಲಾಮು.

ಚುಕ್ಕೆ ಬಿಡದೆ ಟೈಪ್ ಮಾಡಿದೆ. ನಿಮ್ಮ ಬಾಗಿಲು ತಟ್ಟಿದೆ. ಪರದೆಯ ಮೇಲೆ ಏನು ಬಂತು ಗೊತ್ತೇ? "ಸಂಪರ್ಕ ನಿರಾಕರಿಸಲಾಗಿದೆ." ಪಕ್ಕದಲ್ಲಿ ನಿಂತು ಖರ್ಜೂರ ತಿನ್ನುತ್ತಿದ್ದ ಮುಹನ್ನಾ ಬಿದ್ದು ಬಿದ್ದು ನಕ್ಕ. "ನೋಡಕ್ಕಾ, ದೊಡ್ಡಪ್ಪ ನಿನ್ನ ಮನೆ ಒಳಗೇ ಸೇರಿಸ್ತಿಲ್ಲ. ನನ್ ಥರ ಅಡುಗೆಮನೆ ಬಾಗಿಲಿಂದ ಬಾ, ಅಮ್ಮ ತೆಗೀತಾಳೆ."

ನನಗೆ ನಿಜಕ್ಕೂ ಬೇಜಾರಾಯಿತು. ಕಂಪ್ಯೂಟರಿನ ಮಾತಿಗೆ ಬೇಜಾರು ಮಾಡಿಕೊಳ್ಳುತ್ತಾರೆಯೇ ಎನ್ನಬೇಡಿ. ನಿರಾಕರಿಸಲಾಗಿದೆ ಎನ್ನುವ ಮಾತು ಯಾರ ಬಾಯಿಂದ ಬಂದರೂ ಚುಚ್ಚುತ್ತದೆ.

ಇನ್ನೊಂದು ಸಂದೇಹ. ನಾನು ಸಂಖ್ಯೆ ಕಳಿಸಿದ ಮೇಲೆ ನಿಮ್ಮ ಉತ್ತರಕ್ಕೆ ಕಾಯಬೇಕೇ? ನಿಮಗೆ ಮುಟ್ಟಿತೋ ಇಲ್ಲವೋ ನನಗೆ ಹೇಗೆ ಗೊತ್ತಾಗುವುದು?

ನಿಮ್ಮ
ರಯ್ಯಾ


ಗುಲೈಲ್
೧೫ ಜನವರಿ ೨೦೧೧

ಮಗಳು ರಯ್ಯಾಳಿಗೆ ಸಲಾಮು.

ನಿರಾಕರಣೆ ಬಂದರೆ ಸಂತೋಷಪಡು. ಮನೆ ಇದೆ, ದೀಪ ಉರಿಯುತ್ತಿದೆ, ಆ ಬಾಗಿಲಲ್ಲಿ ಮಾತ್ರ ಯಾರೂ ಕೂತಿಲ್ಲ ಎಂದು ಅದರರ್ಥ. ಅವತ್ತು ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರು ತಾನಾಗಿ ಎದ್ದಿತು, ನನ್ನ ಪ್ರೋಗ್ರಾಂ ಏಳಲಿಲ್ಲ. ಈಗ ಅದೂ ತಾನಾಗಿ ಏಳುವ ಹಾಗೆ ಮಾಡಿದ್ದೇನೆ. ಗುರುವಾರ ನೀನು ಕಳಿಸಿದ ಹನ್ನೆರಡು ಬಂದು ಸೇರಿತು. ನಿನ್ನಮ್ಮನನ್ನು ಕರೆದು ತೋರಿಸಿದೆ. "ಇಷ್ಟೇನಾ? ಮಗಳು ಬರೀ ಹನ್ನೆರಡು ಅಂದ್ಲಾ? ಊಟ ಮಾಡಿದ್ಳಾ ಕೇಳಿ" ಎಂದಳು.

ಬಾಗಿಲು ತಟ್ಟುವಾಗ ಒಳಗೊಳಗೇ ನಡೆಯುವುದನ್ನೂ ಹೇಳುತ್ತೇನೆ. ನಿನ್ನ ಕಂಪ್ಯೂಟರು "ಬರಲೇ?" ಎನ್ನುತ್ತದೆ. ನನ್ನದು "ಬಾ, ನಾನೂ ಮಾತಾಡಲೇ?" ಎನ್ನುತ್ತದೆ. ನಿನ್ನದು "ಆಗಲಿ" ಎಂದಮೇಲೆ ದಾರಿ ತೆರೆಯಿತು. ನಮ್ಮ ಜನ ಕ್ಷೇಮ ಕೇಳದೆ ಸುದ್ದಿಗೆ ಇಳಿಯುವುದಿಲ್ಲವಲ್ಲ, ಈ ಯಂತ್ರಗಳಿಗೂ ಯಾರೋ ಮರ್ಯಾದೆ ಕಲಿಸಿದ್ದಾರೆ.

ಉತ್ತರಕ್ಕೆ ಕಾಯುವುದು ಬೇಡ. ದೊಡ್ಡವರ ಮುಂದೆ ಮಾತಿಟ್ಟು "ಕೇಳಿಸ್ತಾ?" ಎಂದು ಕೇಳುವುದುಂಟೇ? ದಾರಿ ತೆರೆಯಿತು ಎಂದರೆ ನಾನು ಕರೆದಾಯಿತು, ಕಳಿಸಿತು ಎಂದರೆ ನನಗೆ ಮುಟ್ಟಿದ ಹಾಗೆಯೇ. ಹೇಳು, ಹೊರಡು. ಉಳಿದದ್ದು ನನ್ನ ಪಾಲಿಗಿರಲಿ.

ಖಲ್ಫಾನ್


ಹಯ್ಲ್
೧೩ ಫೆಬ್ರವರಿ ೨೦೧೧

ದೊಡ್ಡಪ್ಪನವರಿಗೆ ಸಲಾಮು.

ಮುಹನ್ನಾ ನಿನ್ನೆ ಬಂದವನು ಗಾಡಿ ಇಳಿಯುವ ಮೊದಲೇ ಶುರು ಮಾಡಿದ. "ಅಕ್ಕಾ, ಏನ್ ಸಮುದ್ರಾನೇ ಕಳ್ಸಿದ್ಯಂತೆ?" ಸೈರನ್ ಕೇಳಿ ಊರವರೆಲ್ಲ ಆಡು, ಹಾಸಿಗೆ, ಮುದುಕರನ್ನು ಹೊತ್ತುಕೊಂಡು ಗುಡ್ಡ ಹತ್ತಿದರಂತೆ. ಒಣಗಿದ ಹಳ್ಳದಲ್ಲಿ ಒಂದು ಕತ್ತೆ ನಿಂತು ಇವರನ್ನೇ ನೋಡುತ್ತಿತ್ತಂತೆ. ಕೆಳಗಿಳಿದ ಮೇಲೆ ಮಸೀದಿಯ ಮುಂದೆ ನಿಮ್ಮನ್ನು ನಿಲ್ಲಿಸಿಕೊಂಡು, "ಖಲ್ಫಾನಜ್ಜ, ನಿನ್ ಪೆಟ್ಗೆಗೆ ಕನಸು ಬೀಳತ್ತಾ?" ಎಂದರಂತೆ.

ನನಗೆ ನಗು ಬರಲಿಲ್ಲ. ನಾನು ಕಳಿಸಿದ್ದು ಅರ್ಧ ಗಂಟೆಯ ಮಳೆಯ ನೀರು. ಮೊದಲು ನಲವತ್ತು ಎಂದೆ, ದಾರಿ ಮುಚ್ಚದೆ ಹಾಗೇ ಮತ್ತೆ ನಲವತ್ತೈದು ಎಂದೆ. ನಿಮಗೆ ನಾಲ್ಕು ಸಾವಿರದ ನಲವತ್ತೈದು ಹೇಗೆ ಬಂತು? ನನ್ನ ತಪ್ಪೇನು, ತಿಳಿಸಿ.

ರಯ್ಯಾ


ಗುಲೈಲ್
೧೯ ಫೆಬ್ರವರಿ ೨೦೧೧

ಮಗಳೇ,

ತಪ್ಪು ನಿನ್ನದಲ್ಲ. ಸಾಕೆಟ್ಟಿನಲ್ಲಿ ಮಾತು ಕಾಗದದ ಹಾಗೆ ಒಂದೊಂದಾಗಿ ಮಡಿಸಿ ಬರುವುದಿಲ್ಲ, ನೀರಿನ ಹಾಗೆ ಹರಿದು ಬರುತ್ತದೆ. ನೀನು ಎಲ್ಲಿ ನಿಲ್ಲಿಸಿದೆ, ಎಲ್ಲಿ ಮತ್ತೆ ತೊಡಗಿದೆ ಅದಕ್ಕೆ ಗೊತ್ತಿಲ್ಲ. ನಲವತ್ತರ ಬಾಲಕ್ಕೆ ನಲವತ್ತೈದು ಅಂಟಿಕೊಂಡು ಬಂತು, ನನ್ನ ಪ್ರೋಗ್ರಾಂ ಒಂದೇ ಸಂಖ್ಯೆ ಎಂದು ಓದಿತು. ನಾನು ಊರನ್ನು ಗುಡ್ಡ ಹತ್ತಿಸಿದೆ.

ಇನ್ನು ಮೇಲೆ ಪ್ರತಿ ಸಂಖ್ಯೆಯ ಕೊನೆಗೆ ಸಾಲು ಮುಗಿಸುವ ಗುರುತು ಹಾಕಿ ಕಳಿಸು. ಕಹ್ವಾ ಕಾಫಿ ಸಾಕೆನಿಸಿದಾಗ ಬಟ್ಟಲು ಅಲ್ಲಾಡಿಸುತ್ತೀಯಲ್ಲ, ಹಾಗೆ. ನೀನು ಅಲ್ಲಾಡಿಸುವವರೆಗೆ ನನ್ನ ಪ್ರೋಗ್ರಾಂ ಹುಯ್ಯುತ್ತಲೇ ನಿಂತಿರುತ್ತದೆ, ಅಂದರೆ ಸಾಲು ಮುಗಿಯುವವರೆಗೆ ಕಾಯುತ್ತದೆ. ಅರ್ಧ ಮಾತಿಗೆ ಇನ್ನೊಂದು ಸಲ ಸೈರನ್ ಕೂಗಿಸಲಾರೆ. ಜನ ಇನ್ನೊಮ್ಮೆ ಗುಡ್ಡ ಹತ್ತಿ ಬರಿಗೈಲಿ ಇಳಿದರೆ ಮೂರನೆಯ ಸಲ ಹತ್ತುವುದಿಲ್ಲ.

ಇದನ್ನು ಮುಹನ್ನಾನಿಗೆ ವಿವರಿಸಿದೆ. ಅವನು ಕೇಳಿದ, "ದೊಡ್ಡಪ್ಪ, ಯಾರಾದ್ರೂ ಬಟ್ಲು ಹಿಡ್ಕೊಂಡೇ ನಿದ್ದೆ ಹೋದ್ರೆ?"

"ಹೋಗ್ಲಿ ಬಿಡು. ಮಲಗಿದವ್ರನ್ನ ಎಬ್ಬಿಸಿ ಆಚೆ ಕಳ್ಸೋ ಮನೆತನ ನಮ್ದಲ್ಲ" ಎಂದೆ.

"ಹಂಗಾದ್ರೆ ನಾನೇ ಮೊದ್ಲು ಮಲ್ಕೊತೀನಿ" ಎಂದು ಅಲ್ಲೇ ಚಾಪೆಯ ಮೇಲೆ ಉರುಳಿ ಗೊರಕೆ ಹೊಡೆದು ತೋರಿಸಿದ.

ಇನ್ನೊಂದು ಸುದ್ದಿ. ಪಕ್ಕದ ಕಣಿವೆಯಿಂದಲೂ ನಮ್ಮ ಹಳ್ಳಕ್ಕೆ ನೀರು ಸೇರುತ್ತದಲ್ಲ, ಆ ಸಿದ್ರ್‌ನಲ್ಲಿ ಜೇನು ಸಾಕುವ ಗಾಸಿಬ್‌ನ ತೋಟದ ಕೆಳಗೆ ಮುಹನ್ನಾ ಒಂದು ತೇಲುಬುಂಡೆ, ಸಣ್ಣ ಯಂತ್ರ, ಬಿಸಿಲಿನಿಂದ ತುಂಬುವ ಬ್ಯಾಟರಿ ಕೂರಿಸಿ ಬಂದ. ಯಾರೂ ಒತ್ತಬೇಕಿಲ್ಲ, ಅಲ್ಲಿ ಮೊಬೈಲ್ ಹತ್ತುತ್ತದೆ, ಅದರ ಮೂಲಕ ಅದೇ ಅಳೆದು ನನಗೆ ಕಳಿಸುತ್ತದೆ. ಗಾಸಿಬ್ ಅಂದನಂತೆ, "ನನ್ ಹುಳಕ್ಕಿಂತ ಜಾಸ್ತಿ ಗುಂಯ್ ಅಂದ್ರೆ ಕಿತ್ತು ಬಿಸಾಕ್ತೀನಿ ನೋಡು." ಅದು ಗುಂಯ್ ಎನ್ನುವುದಿಲ್ಲ. ಬರುತ್ತದೆ, ಹೇಳುತ್ತದೆ, ಹೋಗುತ್ತದೆ. ಒಳ್ಳೆಯ ಅತಿಥಿ. ಈಗ ನನಗೆ ಇಬ್ಬರು. ಒಬ್ಬರು ಎದ್ದ ಮೇಲೆ ಇನ್ನೊಬ್ಬರನ್ನು ಕರೆಯುತ್ತೇನೆ.

ಖಲ್ಫಾನ್


ಹಯ್ಲ್
೧೭ ಏಪ್ರಿಲ್ ೨೦೧೧

ದೊಡ್ಡಪ್ಪನವರಿಗೆ ನೂರು ಸಲಾಮು!

ನಮ್ಮ ಪ್ರೋಗ್ರಾಂ ಗೆದ್ದಿತು. ಎರಡು ದಿನ ಬಿಡದೆ ಮೋಡ, ಶನಿವಾರ ಬೆಳಿಗ್ಗೆ ಆಕಾಶ ಹರಿದ ಹಾಗೆ ಮಳೆ. ಕಂಬದ ಕೆಂಪು ಗುರುತು ಮುಳುಗಿದ್ದನ್ನು ಕಂಡ ಕೂಡಲೇ ಓಡಿಬಂದು ಒತ್ತಿದೆ. ದಾರಿ ತೆರೆಯಿತು, ಕಳಿಸಿತು, ಮುಚ್ಚಿತು. ಮತ್ತೆ ಓಡಿ ನೋಡಿ ಬಂದು ಮತ್ತೆ ಒತ್ತಿದೆ. ಪ್ರತಿ ಸಲವೂ ಕಳಿಸಿತು. ಒಂದು ಸಲವೂ ನಿರಾಕರಿಸಲಿಲ್ಲ! ಆಮೇಲೆ ಕಂಬವೇ ಕಾಣಲಿಲ್ಲ. ನಾನು ಬಾಗಿಲಲ್ಲಿ ನಿಂತು, ಈಗ ಸೈರನ್ ಕೂಗಿರುತ್ತದೆ, ಈಗ ಮುಹನ್ನಾ ಕಡವಿನಲ್ಲಿ ಗಾಡಿ ತಿರುಗಿಸಿರುತ್ತಾನೆ, ಈಗ ನಿಮ್ಮೆದುರು ಕೂತು ಬೈಯುತ್ತಿರುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದೆ. ಸಂಜೆಯಾದರೂ ಅವನ ಗಾಡಿ ಬರಲಿಲ್ಲ. ದೊಡ್ಡಪ್ಪ, ತಮ್ಮ ಬರಲಿಲ್ಲ ಎಂದು ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಹಳ್ಳದ ದಾರಿ ಕೊಚ್ಚಿಹೋಗಿದೆ. ಈ ಕಾಗದವನ್ನು ಆಡು ಮೇಯಿಸುವ ಸುವೈದ್ ಬೆಟ್ಟದ ಕಾಲುದಾರಿಯಲ್ಲಿ ತರುತ್ತಾನೆ. ಅವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ. ಇನ್ನು ಮೇಲೆ ಮಸೀದಿಯ ಮುಂದೆ ಯಾರು ನಗುತ್ತಾರೋ ನೋಡೋಣ.

ನಿಮ್ಮ ಅತಿಥಿ
ರಯ್ಯಾ


ಗುಲೈಲ್
೨೦ ಏಪ್ರಿಲ್ ೨೦೧೧

ರಯ್ಯಾಳಿಗೆ ಸಲಾಮು.

ಕಾಗದ ಮುಟ್ಟಿತು. ಸುವೈದ್ ಊಟ ಮಾಡಿದ.

ಇಲ್ಲಿ ನೀರು ಖರ್ಜೂರದ ತೋಟಗಳವರೆಗೂ ಬಂದಿತ್ತು. ದಾರಿ ಸರಿಯಾಗುವುದಕ್ಕೆ ಸಮಯ ಹಿಡಿಯುತ್ತದೆ. ಸರಿಯಾದ ಕೂಡಲೇ ನಾನೇ ಮೇಲೆ ಬರುತ್ತೇನೆ. ನೀನು ಒಬ್ಬಳೇ ಬೆಟ್ಟ ಇಳಿಯುವ ಸಾಹಸ ಮಾಡಬೇಡ. ಚೆನ್ನಾಗಿ ಊಟ ಮಾಡು. ನಿನ್ನಮ್ಮ ನಿನ್ನನ್ನು ನೆನೆಯುತ್ತಾಳೆ.

ಖಲ್ಫಾನ್


ಹಯ್ಲ್
೨೪ ಏಪ್ರಿಲ್ ೨೦೧೧

ದೊಡ್ಡಪ್ಪನವರಿಗೆ ಸಲಾಮು.

ಇಷ್ಟು ಚಿಕ್ಕ ಕಾಗದ ನೀವು ಯಾವತ್ತೂ ಬರೆದಿಲ್ಲ. ಮೈ ಹುಷಾರಿಲ್ಲವೇ? ಅಮ್ಮನಿಗೇನಾದರೂ? ನಿಮ್ಮ ವಯಸ್ಸಿಗೆ ಈ ಬೆಟ್ಟ ಯಾಕೆ? ಮುಹನ್ನಾನನ್ನು ಕಳಿಸಿದರಾಯಿತು, ಅವನು ನಡೆದೂ ಬರಬಲ್ಲ. ಗಾಡಿ ಇಲ್ಲದಿದ್ದರೆ ಕಾಲೂ ಇಲ್ಲವೇ ಆ ಸೋಮಾರಿಗೆ? ನಿಮ್ಮ ಕಾಗದದ ಅಂಚಿನಲ್ಲಿ ಅವನು ಯಾವಾಗಲೂ ಗೀಚುವ ಕತ್ತೆಯ ಚಿತ್ರವೂ ಈ ಸಲ ಇರಲಿಲ್ಲ. ನನ್ನ ಮೇಲೆ ಕೋಪವೇ ಅವನಿಗೆ?

ಸೈರನ್ ಎಷ್ಟು ಹೊತ್ತು ಕೂಗಿತು, ಜನ ಏನಂದರು, ಏನೂ ಬರೆದಿಲ್ಲ ನೀವು. ನಾನು ಅದನ್ನೇ ಕಾಯುತ್ತಿದ್ದೆ. ಸುವೈದ್‌ನನ್ನು ಕೇಳಿದೆ. "ನಂಗೇನು ಗೊತ್ತು ತಾಯಿ, ನಾನು ಆಡಿನ ಜೊತೆ ಇರೋನು" ಎಂದು ನೆಲ ನೋಡಿದ. ಸುವೈದ್ ಹಾಗೆಲ್ಲ ನೆಲ ನೋಡಿ ಮಾತಾಡುವವನಲ್ಲ.

ರಯ್ಯಾ


ಹಯ್ಲ್
೨೮ ಏಪ್ರಿಲ್ ೨೦೧೧

ದೊಡ್ಡಪ್ಪ,

ನಿಮ್ಮ ಉತ್ತರ ಬರಲಿಲ್ಲ, ಮೇಲ್ ಕಳಿಸಿದರೂ ಇಲ್ಲ. ಸುವೈದ್ ಬರಿಗೈಲಿ ಬಂದ. ಕೂತು ಕೂತು ಸಾಕಾಗಿ, ನೀವು ಕಲಿಸಿದ್ದನ್ನೇ ಶಾಲೆಯಲ್ಲಿ ಮಾಡಿ ನೋಡಿದೆ.

ಮೂರು ಕಂಪ್ಯೂಟರು ತೆಗೆದುಕೊಂಡೆ. ಒಂದರಲ್ಲಿ ನೀವು ಕಾಗದಗಳಲ್ಲಿ ವಿವರಿಸಿದ ಹಾಗೆಯೇ ಬರೆದ ಸರ್ವರ್. ಎರಡನೆಯದನ್ನು ಸಿದ್ರ್ ಎಂದುಕೊಂಡೆ. ಅದರಿಂದ ಬಾಗಿಲು ತಟ್ಟಿ ಒಂದೇ ಒಂದು ಅಂಕೆ ಕಳಿಸಿ, ಸಾಲು ಮುಗಿಸದೆ ಅದರ ತಂತಿ ಕಿತ್ತೆ. ಎರಡು ದಿನ ಮೋಡವಿದ್ದರೆ ಬಿಸಿಲಿನ ಬ್ಯಾಟರಿ ಏನಾಗುತ್ತದೆ ಎಂದು ನನಗೆ ಯಾಕೋ ಹೊಳೆಯಿತು. ಸರ್ವರ್‌ಗೆ ಏನೂ ಗೊತ್ತಾಗಲಿಲ್ಲ. ಅತಿಥಿ ಹೋಗಿಬಿಟ್ಟಿದ್ದಾನೆ, ಇದು ಕಾಯುತ್ತ ಕೂತಿದೆ. ಇವತ್ತು ಬೆಳಿಗ್ಗೆಯಿಂದ ಕೂತಿದೆ.

ಮೂರನೆಯದು ನಾನು. ತಟ್ಟಿದೆ. ದಾರಿ ತೆರೆಯಿತು ಎಂದಿತು. ನೂರ ಎಂಬತ್ತು ಎಂದೆ. ಕಳಿಸಿತು ಎಂದಿತು. ಆಚೆ ತಿರುಗಿ ಸರ್ವರ್‌ನ ಪರದೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ದೊಡ್ಡಪ್ಪ. ಯಜಮಾನ ಏಳದಿದ್ದರೂ ಆ ಕಂಪ್ಯೂಟರೇ ನನ್ನನ್ನು "ಬಾ" ಎಂದು ಜಗಲಿಯಲ್ಲಿ ಕೂರಿಸಿಕೊಂಡು ನನ್ನ ಮಾತನ್ನು ಇಸಕೊಂಡಿತ್ತು. ಅದು ಒಳಗೆ ಹೋಗಲೇ ಇಲ್ಲ.

ಸೈರನ್ ಕೂಗಿತೇ? ಒಂದೇ ಮಾತು ಬರೆಯಿರಿ.

ಮುಹನ್ನಾ ಎಲ್ಲಿ?


ಗುಲೈಲ್
೩೦ ಏಪ್ರಿಲ್ ೨೦೧೧

ರಯ್ಯಾ,

ಸೈರನ್ ಕೂಗಲಿಲ್ಲ. ಮುಹನ್ನಾ ಇಲ್ಲ. ನಾವೆಲ್ಲ ದೇವರಿಗೆ ಸೇರಿದವರು, ಅವನಲ್ಲಿಗೇ ಮರಳುವವರು.

ಇದನ್ನು ನಿನಗೆ ಕಾಗದದಲ್ಲಿ ಬರೆಯಬಾರದೆಂದು ತಡೆದಿದ್ದೆ. ಸಾವನ್ನು ಮನೆಯವರು ಎದುರು ಕೂತು ಹೇಳಬೇಕು, ಹೇಳಿದವರು ಕೈ ಹಿಡಿದುಕೊಳ್ಳಬೇಕು. ಸುವೈದ್‌ನಿಂದ ಮಾತು ತೆಗೆದುಕೊಂಡಿದ್ದೆ. ಕಾಲುದಾರಿಯಲ್ಲಿ ಹೊರಟೆ ಕೂಡ. ಮೊದಲ ಏರಿನಲ್ಲೇ ಕಾಲು ಮಡಚಿ ಬಿದ್ದೆ, ಎತ್ತಿಕೊಂಡು ಬಂದರು. ದಾರಿ ಸರಿಯಾಗಲಿ ಎಂದು ಕಾದೆ. ಅದಷ್ಟೇ ಕಾರಣವೆಂದು ಹೇಳಿದರೆ ನೀನು ನಂಬುವುದಿಲ್ಲ. ನೀನು ಗೆದ್ದೆವು ಎಂದು ಬರೆದಿದ್ದೆ. ಅದಕ್ಕೆ ಉತ್ತರ ಬರೆಯಲು ಕೂತರೆ ನನ್ನ ಕೈ ಏಳುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಗಾಡಿಗೆ ಸಾಮಾನು ತುಂಬಿ, ಕೀಲಿ ಆಡಿಸುತ್ತ ನನ್ನ ಬಾಗಿಲಲ್ಲಿ ನಿಂತ.

"ದೊಡ್ಡಪ್ಪ, ಮೇಲ್ಗಡೆ ಕಪ್ಪಗೆ ಕಾಣ್ತದೆ. ನಿಮ್ ಪೆಟ್ಗೆ ಏನಂತದೆ?"

ನಾನು ಪರದೆ ನೋಡಿದೆ. ಸಿದ್ರ್‌ನದು ಒಂದು ಅಂಕೆ ಬಂದು ನಿಂತಿತ್ತು. ಹೇಳುತ್ತಿದೆ, ಹೇಳಿ ಮುಗಿಸಲಿ ಎಂದುಕೊಂಡೆ. ನಿನ್ನದು ಏನೂ ಇರಲಿಲ್ಲ.

"ಏನೂ ಅಂತಿಲ್ಲಪ್ಪ, ಸುಮ್ನಿದೆ. ಮೇಲೆ ನೀರು ಬಂದಿದ್ರೆ ನಿಮ್ಮಕ್ಕ ಸುಮ್ನಿರ್ತಿದ್ಲಾ?"

"ಅವ್ಳಾ? ಸುಮ್ನಿರೋ ಹೆಣ್ಣಾ ಅದು!" ಎಂದು ನಕ್ಕ. ಹೋದ.

ಕಡವು ದಾಟಿದ್ದಾನೆ. ಆಮೇಲಿನ ಇಕ್ಕಟ್ಟಿನಲ್ಲಿ, ಎರಡೂ ಕಡೆ ಬಂಡೆ ಇರುವಲ್ಲಿ, ನೀರು ಎದುರಾಗಿದೆ. ಗಾಡಿ ತೋಟಗಳ ಕೆಳಗೆ ಸಿಕ್ಕಿತು. ಅವನು ಮರುದಿನ ಸಿಕ್ಕ. ನಿಮ್ಮಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಮುಖಕ್ಕೆ ಏನೂ ಆಗಿರಲಿಲ್ಲ. ನಿನ್ನಮ್ಮ ಅದನ್ನೇ ಎಲ್ಲರಿಗೂ ಹೇಳುತ್ತಾಳೆ.

ಜನ ಎದ್ದು ಹೋದಮೇಲೆ ಕಂಪ್ಯೂಟರಿನ ಮುಂದೆ ಕೂತು, ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಅದನ್ನೇ ಕೇಳಿದೆ. ಹಯ್ಲ್, ಹಯ್ಲ್, ಹಯ್ಲ್ ಎಂದು ಸಾಲಾಗಿ ತೋರಿಸಿತು. ಎಲ್ಲವೂ ನೀನೇ. ನೀನು ಬಂದು ಬಂದು ನಿಂತಿದ್ದೆ. ನಾನು ಒಳಗೆ, ಸತ್ತ ಬ್ಯಾಟರಿಯ ಬಟ್ಟಲಿಗೆ ಹುಯ್ಯುತ್ತ ಕೂತಿದ್ದೆ. ಸುಮ್ಮನಿರುವವನೂ ಸತ್ತವನೂ ಆ ತಂತಿಯಲ್ಲಿ ಒಂದೇ ಥರ ಕಾಣುತ್ತಾರೆ ಎಂದು ನನಗೆ ತಿಳಿಯದೇ ಹೋಯಿತು. ಅವನು ಕೇಳಿದ್ದ, ಚಾಪೆಯ ಮೇಲೆ ಮಲಗಿ ತೋರಿಸಿಯೂ ಇದ್ದ.

ನೀನು ನಿನ್ನ ಕೆಲಸ ಮಾಡಿದ್ದೀಯೆ. ಇದನ್ನು ಮರೆಯಬೇಡ. ಉಳಿದ ಏನನ್ನೂ ನೆನಪಿಡದಿದ್ದರೂ ಇದನ್ನು ಮರೆಯಬೇಡ.

ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ.

ಖಲ್ಫಾನ್


ಹಯ್ಲ್
೧೮ ಮೇ ೨೦೧೧

ದೊಡ್ಡಪ್ಪನವರಿಗೆ,

ನಾನು ಬೆಟ್ಟ ಇಳಿದು ಬಂದು ಅಮ್ಮನ ಜೊತೆ ಇದ್ದಷ್ಟು ದಿನವೂ ನಿಮ್ಮೊಡನೆ ಮಾತಾಡಲಿಲ್ಲ. ನೀವೂ ಮಾತಾಡಿಸಲಿಲ್ಲ. ಹೊರಡುವಾಗ ಬುತ್ತಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟಿದ್ದ ಕೈ ನಿಮ್ಮದೆಂದು ಗಂಟು ನೋಡಿಯೇ ತಿಳಿಯಿತು. ದಾರಿಯಲ್ಲಿ ತಿಂದೆ.

ಇಲ್ಲಿ ಮಕ್ಕಳ ಪರೀಕ್ಷೆ. ಕಂಬ ಬಾಗಿತ್ತು, ಸುವೈದ್ ನೆಟ್ಟಗೆ ಮಾಡಿಕೊಟ್ಟ. ಪ್ರತಿ ಬೆಳಿಗ್ಗೆ ಅದನ್ನು ನೋಡುತ್ತೇನೆ. ನೋಡಿ ಹೇಳುವುದಕ್ಕೆ ಯಾರೂ ಇಲ್ಲ. ಗುಲೈಲ್‌ನಲ್ಲಿ ಜನ ಈಗಲೂ ಬಿಸಿಲು ನೋಡಿಯೇ ಹಳ್ಳಕ್ಕಿಳಿಯುತ್ತಾರಂತೆ. ಹಯ್ಲ್‌ಗೆ ಅಕ್ಕಿ ಬೇಕು, ಇನ್ಯಾರೋ ಗಾಡಿ ತರುತ್ತಾರೆ, ಅವನಿಗೂ ಒಬ್ಬಳು ಅಕ್ಕನೋ ತಂಗಿಯೋ ಇರುತ್ತಾಳೆ.

ಅದಕ್ಕೆ ಸರ್ವರನ್ನು ನಾನೇ ಹೊಸದಾಗಿ ಬರೆದಿದ್ದೇನೆ. ಈ ಕಾಗದದ ಜೊತೆಗಿದೆ. ಇದರಲ್ಲಿ ಯಜಮಾನ ಬಾಗಿಲು ಬಿಟ್ಟು ಏಳುವುದೇ ಇಲ್ಲ. ಬಂದವರನ್ನು ಕರೆದು, ಒಬ್ಬೊಬ್ಬರನ್ನೂ ಒಬ್ಬೊಬ್ಬ ಆಳಿಗೆ ಒಪ್ಪಿಸಿ ಮತ್ತೆ ಬಾಗಿಲಿಗೇ ಬಂದು ಕೂರುತ್ತಾನೆ. ಒಬ್ಬ ಸುಮ್ಮನೆ ಕೂತರೆ ಅವನ ಆಳು ಮಾತ್ರ ಸಿಕ್ಕಿಬೀಳುತ್ತಾನೆ, ಹೊರಗೆ ಯಾರೂ ನಿಲ್ಲಬೇಕಿಲ್ಲ. ಆಳು ಕೂಡ ಇಷ್ಟೇ ಹೊತ್ತು ಎಂದು ಕಾಯುತ್ತಾನೆ, ಆಮೇಲೆ ಸಾಕೆಟ್ ಮುಚ್ಚುತ್ತಾನೆ. ನಿಮ್ಮ ಮನೆತನಕ್ಕೆ ಇದು ಒಗ್ಗುವುದಿಲ್ಲವೆಂದು ಗೊತ್ತು. ಒಗ್ಗಿಸಿಕೊಳ್ಳಿ.

ಮಾತು ಮುಟ್ಟಿದ ಕೂಡಲೇ ನಿಮ್ಮ ಕಡೆಯಿಂದ "ಕೇಳಿತು" ಎಂದು ಬರಬೇಕು. ಬರುವವರೆಗೆ ನಾನು ಕೇಳುತ್ತಲೇ ಇರುತ್ತೇನೆ. ಮರ್ಯಾದೆ ಇಲ್ಲದವಳು ಎಂದುಕೊಂಡರೂ ಚಿಂತೆಯಿಲ್ಲ. ಇನ್ನು, ನೀರಿಲ್ಲದಾಗಲೂ ಎರಡೂ ಕಡೆಯಿಂದ "ಸೊನ್ನೆ" ಎಂದು ಬರುತ್ತಿರಬೇಕು. ನನ್ನ ಯಂತ್ರಕ್ಕೂ ಈಗ ಒಂದು ತೇಲುಬುಂಡೆ ಕಟ್ಟಿದ್ದೇನೆ, ನಾನು ಪಾಠ ಮಾಡುವಾಗ ಅದೇ ಹೇಳುತ್ತದೆ. ಯಾವ ಕಡೆಯಿಂದಾದರೂ ಸೊನ್ನೆಯೂ ಬರಲಿಲ್ಲವೆಂದರೆ, ನೀರು ಬಂದಿದೆಯೆಂದೇ ತಿಳಿದು ಸೈರನ್ ಕೂಗಿಸಿ. ಕಡವಿಗೆ ಅಡ್ಡ ಒಂದು ಸರಪಳಿ ಹಾಕಿಸಿ. ಸುದ್ದಿ ಬರುವವರೆಗೆ ಯಾರೂ ದಾಟಬಾರದು.

ಅಟ್ಟದಿಂದ ಯಂತ್ರ ಇಳಿಸಿ. ಬೇರೆ ಯಾರನ್ನೂ ಅದರ ಮುಂದೆ ಕೂರಿಸಬೇಡಿ. ನೀವೇ ಕೂರಬೇಕು. ಇದನ್ನು ನಾನು ಯಾಕೆ ಕೇಳುತ್ತಿದ್ದೇನೆ ಎಂದು ಈಗ ಬರೆಯಲಾರೆ.

ರಯ್ಯಾ


ಗುಲೈಲ್
೧೧ ಜೂನ್ ೨೦೧೧

ಮಗಳು ರಯ್ಯಾಳಿಗೆ ದೊಡ್ಡಪ್ಪ ಮಾಡುವ ಸಲಾಮು.

ನಿನ್ನ ಪ್ರೋಗ್ರಾಂ ಓದುವುದಕ್ಕೆ ನನಗೆ ತುಂಬ ದಿನ ಹಿಡಿಯಿತು. ಆಳುಗಳ ವ್ಯವಸ್ಥೆ ತಲೆಗೆ ಹೋಗಲಿಲ್ಲ. ಮುಚ್ಚುವ ಸಾಲು ಬಂದಾಗಲೆಲ್ಲ ಕಾಗದ ಮಡಿಸಿ ಇಡುತ್ತಿದ್ದೆ. ನಿನ್ನಮ್ಮ ಒಂದು ದಿನ ಏಣಿ ಹಾಕಿ ತಾನೇ ಯಂತ್ರ ಇಳಿಸಿ, ಬಟ್ಟೆ ಬಿಚ್ಚಿ, ಧೂಳು ಒರೆಸಿ ನನ್ನ ಮುಂದಿಟ್ಟಳು. ಕೂತೆ.

ಈಗ ಹಯ್ಲ್ ಸೊನ್ನೆ ಎನ್ನುತ್ತದೆ, ನಾನು ಕೇಳಿತು ಎನ್ನುತ್ತೇನೆ. ಸಿದ್ರ್ ಸೊನ್ನೆ ಎನ್ನುತ್ತದೆ, ಕೇಳಿತು ಎನ್ನುತ್ತೇನೆ. ದಿನವಿಡೀ ಇದೇ ಮಾತು. ಪ್ರೋಗ್ರಾಮೇ ಹೇಳುತ್ತದೆ, ಆದರೂ ನಾನು ಬಾಯಲ್ಲೂ ಹೇಳುತ್ತೇನೆ.

ಕಡವಿಗೆ ಸರಪಳಿ ಬಿದ್ದಿದೆ. ನಿನ್ನಮ್ಮ ಅದರ ಪಕ್ಕದಲ್ಲೇ ಹಲಗೆ ಹಾಕಿಕೊಂಡು ಕೂರುತ್ತಾಳೆ. ಮೊಣಕಾಲಿನ ಮಾತೇ ಇಲ್ಲ.

ಗುರುವಾರ ಮಧ್ಯಾಹ್ನ ಸಿದ್ರ್ ಮಾತು ನಿಲ್ಲಿಸಿತು. ನಿನ್ನ ಆಳು ಹೇಳಿದಷ್ಟು ಹೊತ್ತು ಕಾದು, ಸಾಕೆಟ್ ಮುಚ್ಚಿ, ಸೈರನ್ ಕೂಗಿಸಿದ. ನಿನ್ನಮ್ಮ ಸರಪಳಿ ಎಳೆದಳು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ಹಳ್ಳದಲ್ಲಿ ಕಲ್ಲು ಕಾದು ಸುಡುತ್ತಿದೆ. ಮದುವೆಗೆ ಹೊರಟವರ ಗಾಡಿಗಳು ಸಾಲಾಗಿ ನಿಂತವು. ನಾನೂ ಕೋಲೂರಿಕೊಂಡು ಅಲ್ಲಿಗೆ ಹೋದೆ.

"ಅಜ್ಜ, ಕಣ್ ಕಾಣಲ್ವಾ ನಿಂಗೆ? ಇಲ್ಲಿ ಉಗುಳಕ್ಕೂ ನೀರಿಲ್ಲ!"

"ಸಿದ್ರ್‌ನಿಂದ ಸುದ್ದಿ ಬಂದಿಲ್ಲಪ್ಪ."

"ಸುದ್ದಿ ಇಲ್ಲ ಅಂದ್ರೆ ನೀರಿಲ್ಲ ಅಂತ ತಾನೇ?"

ನಿನ್ನಮ್ಮ ಹಲಗೆಯಿಂದಲೇ ಹೇಳಿದಳು, "ಅಲ್ಲಪ್ಪ. ಸುದ್ದಿ ಇಲ್ಲ ಅಂದ್ರೆ ಸುದ್ದಿ ಇಲ್ಲ ಅಂತ, ಅಷ್ಟೇ. ಬೈಯೋದಿದ್ರೆ ಕೂತ್ಕೊಂಡು ಬೈರಿ, ನಿಂತು ಯಾಕೆ ಸುಸ್ತಾಗ್ತೀರಿ? ಕಹ್ವಾ ತರಿಸ್ಲಾ?"

ಬೈದರು. ನನ್ನನ್ನು ಬೈದರು, ನನ್ನ ಪೆಟ್ಟಿಗೆಯನ್ನು ಬೈದರು. ಒಬ್ಬನು ಮದುಮಗನ ಶಾಪ ತಟ್ಟಲಿ ಎಂದ. ಗುಡ್ಡದ ಮೇಲಿನ ಮನೆಯೊಂದರಿಂದ ಗಾಸಿಬ್‌ಗೆ ಫೋನ್ ಹಚ್ಚಿದರು. ಅವನು ಜೇನಿನ ಮುಸುಕು ಹಾಕಿಕೊಂಡೇ ಕೆಳಗಿಳಿದು ನೋಡಿದನಂತೆ, ಆಡೊಂದು ಬ್ಯಾಟರಿಯ ತಂತಿ ಕಡಿದುಹಾಕಿತ್ತು. ತಂತಿ ಸೇರಿಸಿದ. ನೆರಳು ಉದ್ದವಾಗುವ ಹೊತ್ತಿಗೆ ಸಿದ್ರ್ ಸೊನ್ನೆ ಎಂದಿತು. ನಿನ್ನಮ್ಮ ಸರಪಳಿ ಬಿಟ್ಟಳು. ಗಾಡಿಗಳು ಹಾರ್ನ್ ಹೊಡೆಯುತ್ತ, ಕಿಟಕಿಯಿಂದ ಕೈ ಆಡಿಸಿ ಬೈಯುತ್ತ ಒಂದರ ಹಿಂದೊಂದು ಹಳ್ಳ ಇಳಿದು ಆಚೆ ಹತ್ತಿದವು. ಕೊನೆಯ ಗಾಡಿ ಬಂಡೆಗಳ ಇಕ್ಕಟ್ಟು ದಾಟಿ ಮರೆಯಾಗುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.

ಅವತ್ತು ನೀರು ಬರಲಿಲ್ಲ, ರಯ್ಯಾ. ಬೈದವರೆಲ್ಲ ಮನೆ ಮುಟ್ಟಿದರು.

ನಿನ್ನ ದೊಡ್ಡಪ್ಪ
ಖಲ್ಫಾನ್